ರಾತ್ರಿ ಬಂದು ಸಂಜೆ ಹೊರಡುವ ನಿಮಗೆ

ಬಳ್ಳಾರಿ, ರಾಯಚೂರು, ಕೊಪ್ಪಳ, ಗದಗ ಸೀಮೆಯಿಂದಲೂ ಗಡಿಯಾಚೆಯ ಕರ್ನೂಲು ಕಡೆಯಿಂದಲೂ ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿಗೆ ಬರುವ ರೈತ ಬಾಂಧವರಿಗೆ,

ಬ್ಯಾಡಗಿಯ ನಿವೃತ್ತ ಮಾಸ್ತರನೊಬ್ಬನ ಶರಣು.

ಸೋಮವಾರ, ಗುರುವಾರ ನಮ್ಮಲ್ಲಿ ಟೆಂಡರ್ ದಿನ. ಹಂಗಾಮು ಬಂತೆಂದರೆ ಹಿಂದಿನ ರಾತ್ರಿಯೇ ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ನಿಮ್ಮ ಲಾರಿ, ಟೆಂಪೊಗಳು ನಮ್ಮೂರ ಕಡೆ ಹೊರಳುತ್ತವೆ. ಚೀಲ ಇಳಿಸಿ, ದಲಾಲಿ ಅಂಗಡಿಯ ಮುಂದೆ ಲಾಟ್ ಹಚ್ಚಿ, ದರ ತಿಳಿದು, ತೂಕ ಮುಗಿಸಿ, ಪಟ್ಟಿ ಕಿಸೆಗಿಟ್ಟುಕೊಂಡು ಸಂಜೆ ನೀವು ಹೊರಟುಬಿಡುತ್ತೀರಿ. ಹತ್ತಾರು ವರ್ಷಗಳಿಂದ ಬರುತ್ತಿರುವವರೂ ನಿಮ್ಮಲ್ಲಿದ್ದಾರೆ. ಆದರೂ ಮಾರುಕಟ್ಟೆ ಪ್ರಾಂಗಣದ ಗೋಡೆಯಾಚೆ ಇರುವ ಊರನ್ನು ಬಹಳ ಮಂದಿ ಕಂಡಿಲ್ಲ. ನಾವೂ ಅಷ್ಟೇ. ನಿಮ್ಮ ಚೀಲದ ಬಣ್ಣ ನೋಡಿ ಅದು ಯಾವ ಸೀಮೆಯ ಕಾಯಿ ಎಂದು ಹೇಳಬಲ್ಲ ಜನ ಇಲ್ಲಿ ಬೇಕಾದಷ್ಟಿದ್ದಾರೆ. ಚೀಲ ತಂದವರ ಮನೆಯಲ್ಲಿ ಎಷ್ಟು ಮಕ್ಕಳು, ಎಷ್ಟು ಸಾಲ ಎಂದು ಕೇಳಿದವರು ಕಡಿಮೆ.

2024ರ ಮಾರ್ಚ್ 11ರಂದು ಏನಾಯಿತೆಂಬುದು ನಿಮಗೂ ಗೊತ್ತು, ನಮಗೂ ಗೊತ್ತು. ಅಂದು ಸೋಮವಾರ. ಲಕ್ಷಗಟ್ಟಲೆ ಚೀಲ ಬಂದಿದ್ದವು. ದರ ಹೊರಬಿದ್ದಾಗ ಹಿಂದಿನ ವಾರಕ್ಕೂ ಅಂದಿಗೂ ತಾಳೆಯೇ ಇರಲಿಲ್ಲ. ಎಪಿಎಂಸಿ ಕಚೇರಿಯ ಮೇಲೆ ಕಲ್ಲು ಬಿತ್ತು, ಆಮೇಲೆ ಬೆಂಕಿ ಬಿತ್ತು. ವಾಹನಗಳು ಸುಟ್ಟವು. ಬೆಂಕಿ ಆರಿಸಲು ಬಂದ ಅಗ್ನಿಶಾಮಕ ವಾಹನವೂ ಉಳಿಯಲಿಲ್ಲ. ಪೊಲೀಸರಿಗೆ ಪೆಟ್ಟಾಯಿತು, ಆಮೇಲೆ ಬಂಧನಗಳಾದವು. ಅಂದಿನಿಂದ ನಮ್ಮೂರ ಕಟ್ಟೆಗಳ ಮೇಲೆ ಕೆಲವರು ‘ಹೊರಗಿನವರು ಬಂದು ಊರಿಗೆ ಬೆಂಕಿ ಇಟ್ಟರು’ ಎಂದು ಸಲೀಸಾಗಿ ಹೇಳುತ್ತಾರೆ. ನಿಮ್ಮೂರ ಕಟ್ಟೆಗಳ ಮೇಲೆ ‘ಬ್ಯಾಡಗಿಯವರು ನಮ್ಮನ್ನು ಸುಲಿದರು’ ಎಂಬ ಮಾತು ಓಡಾಡುತ್ತಿದೆಯೆಂದು ಕೇಳಿದ್ದೇನೆ. ಈ ಎರಡು ಮಾತೂ ಹೀಗೇ ಬೇರುಬಿಟ್ಟರೆ ಇಬ್ಬರಿಗೂ ಕೇಡು. ಅದಕ್ಕೇ ಈ ಪತ್ರ.

ಮೊದಲು ನಮ್ಮೂರಿನ ಪರಿಚಯ ಹೇಳುತ್ತೇನೆ. ನಾವು ದೊಡ್ಡ ಪಟ್ಟಣದವರೇನಲ್ಲ. ಜನಸಂಖ್ಯೆ 30 ಸಾವಿರದ ಆಸುಪಾಸು. 1997ರವರೆಗೆ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕು, ಆಮೇಲೆ ಹಾವೇರಿ ಜಿಲ್ಲೆಯದು. ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ರೈಲು ದಾರಿಯಲ್ಲಿ ಒಂದು ಸಣ್ಣ ನಿಲ್ದಾಣ. ಊರ ನಡುವೆ ಒಂದು ಇಕ್ಕಟ್ಟಾದ ಮುಖ್ಯರಸ್ತೆ. ಆ ರಸ್ತೆ ಅಗಲ ಮಾಡಬೇಕೆಂದು ಬಂದ್ ಆಗಿದೆ, ಧರಣಿ ಆಗಿದೆ, ಕೋರ್ಟಿನ ಮೆಟ್ಟಿಲೂ ಏರಿದ್ದಾಗಿದೆ. ಅಲ್ಲಿ ತಲೆಮಾರುಗಳಿಂದ ಅಂಗಡಿ ನಡೆಸಿದವರ ಅಳಲು ಒಂದು ಕಡೆ, ಆ ಇಕ್ಕಟ್ಟಿನಲ್ಲಿ ಗಂಟೆಗಟ್ಟಲೆ ಸಿಕ್ಕಿಬೀಳುವವರ ಅಳಲು ಇನ್ನೊಂದು ಕಡೆ. ನಿಮ್ಮ ಲಾರಿ ರಾತ್ರಿ ಅಲ್ಲಿ ನಿಂತಲ್ಲೇ ನಿಂತಾಗ ನೀವು ಬೈದುಕೊಂಡಿದ್ದೀರಿ. ಬೈದದ್ದರಲ್ಲಿ ತಪ್ಪಿಲ್ಲ.

ಜನವರಿಯಿಂದ ಮೇ ತಿಂಗಳವರೆಗೆ ನಮ್ಮೂರ ಗಾಳಿಯೇ ಬೇರೆ. ಬಸ್ಸು ಊರು ಹೊಕ್ಕಿದ್ದೇ ಹೊಸಬರಿಗೆ ಸೀನು ಶುರು. ಘಾಟು ನಮ್ಮ ಅರಿವೆಯಲ್ಲಿದೆ, ಹಾಸಿಗೆಯಲ್ಲಿದೆ, ಶಾಲೆಯ ಹಲಗೆ ಒರೆಸುವ ಬಟ್ಟೆಯಲ್ಲೂ ಇತ್ತು. ಪಾಠ ಮಾಡುವಾಗ ಇಡೀ ತರಗತಿ ಒಟ್ಟಿಗೆ ಕೆಮ್ಮಿದರೆ ಮಾರುಕಟ್ಟೆಯಲ್ಲಿ ಒಳ್ಳೆಯ ಆವಕ ಬಂದಿದೆಯೆಂದು ನಮಗೆ ತಿಳಿಯುತ್ತಿತ್ತು. ಆ ನಾಲ್ಕೈದು ತಿಂಗಳು ಊರಿಗೆ ನಿದ್ದೆ ಕಡಿಮೆ. ನಡುರಾತ್ರಿ ಎರಡಕ್ಕೂ ಚಹಾದ ಅಂಗಡಿ ತೆರೆದಿರುತ್ತದೆ. ಖಾನಾವಳಿಗಳಲ್ಲಿ ಬೆಳಗಿನ ಜಾವವೇ ರೊಟ್ಟಿ ಬಡಿಯುವ ಸದ್ದು. ಮಳೆಗಾಲ ಬಂದರೆ ಇದೇ ಊರು ಎಷ್ಟು ಸುಮ್ಮನಾಗುತ್ತದೆಂದರೆ, ಆಗ ಬಂದವರು ಇದು ಅದೇ ಊರೇ ಎಂದು ಕೇಳಬೇಕು.

ಇನ್ನು ನಿಮ್ಮ ಚೀಲದ ಮಾತು. ದಲಾಲಿ ಅಂಗಡಿಯ ಮುಂದೆ ನೀವು ಬಿಟ್ಟುಹೋದ ಚೀಲ ಅಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಹೇಳಲೇಬೇಕು. ಏಕೆಂದರೆ ಈ ಊರಿನ ನಿಜವಾದ ಬದುಕು ಇರುವುದು ಅಲ್ಲಿ. ಹಮಾಲರು ಅದನ್ನು ಹೊತ್ತು ಖರೀದಿದಾರರ ಗೋದಾಮಿಗೆ ಸಾಗಿಸುತ್ತಾರೆ. ಅಲ್ಲಿ ಸುತ್ತಲಿನ ಹಳ್ಳಿಗಳಿಂದ ಟಂಟಂ ಹತ್ತಿ, ಬುತ್ತಿ ಕಟ್ಟಿಕೊಂಡು ಬಂದ ಹೆಣ್ಣುಮಕ್ಕಳು ಕಾದಿರುತ್ತಾರೆ. ಒಬ್ಬರ ಬೆನ್ನಿಗೆ ಒಬ್ಬರು ಸಾಲಾಗಿ ಕುಳಿತು ಒಂದೊಂದೇ ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುತ್ತಾರೆ. ಮೂಗಿನ ಮೇಲೆ ಸೆರಗು, ಬೆರಳಿಗೆ ಕೊಬ್ಬರಿ ಎಣ್ಣೆ. ಎಷ್ಟು ಕಿಲೊ ಬಿಡಿಸಿದರೋ ಅಷ್ಟಕ್ಕೆ ಕೂಲಿ. ಸಂಜೆ ಮನೆಗೆ ಹೋಗಿ ಎಷ್ಟು ಸಲ ಕೈ ತೊಳೆದರೂ ಉರಿ ಹೋಗುವುದಿಲ್ಲ. ಎದೆಹಾಲು ಕುಡಿಯುವ ಕೂಸು ಮನೆಯಲ್ಲಿದ್ದರೆ ಅದನ್ನು ಎತ್ತಿಕೊಳ್ಳಲೂ ಹೆದರುವ ತಾಯಂದಿರನ್ನು ನಾನು ಬಲ್ಲೆ. ಅವರಲ್ಲಿ ಎಷ್ಟೋ ಜನರ ಮಕ್ಕಳಿಗೆ ನಾನು ಅಕ್ಷರ ಕಲಿಸಿದ್ದೇನೆ. ಸೋಮವಾರ, ಗುರುವಾರ ಹುಡುಗಿಯರ ಹಾಜರಿ ಕಡಿಮೆಯಾಗುತ್ತಿತ್ತು. ತಾಯಿ ತುಂಬು ಬಿಡಿಸಲು ಹೋದರೆ ತಮ್ಮ ತಂಗಿಯರನ್ನು ನೋಡಿಕೊಳ್ಳುವವರು ಅವರೇ.

ಆ ತಾಯಂದಿರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಬಗ್ಗೆ ಬರೆದವರೆಲ್ಲ ಬಣ್ಣದ ಬಗ್ಗೆ ಬರೆದರು, ರಫ್ತಿನ ಬಗ್ಗೆ ಬರೆದರು. ಜನಸಂಖ್ಯೆ ಇಷ್ಟು ಕಡಿಮೆ ಇರುವ ಊರಿನಲ್ಲಿ ಇಷ್ಟು ದೊಡ್ಡ ವ್ಯಾಪಾರ ಹೇಗೆ ನಡೆಯುತ್ತದೆಂಬ ಪ್ರಶ್ನೆಗೆ ಮೊದಲ ಉತ್ತರ ಈ ಕೈಗಳು. ಮಾರ್ಚ್ 11ರ ನಂತರ ಕೆಲವು ದಿನ ಮಾರುಕಟ್ಟೆ ಮಂಕಾದಾಗ ಮೊದಲು ಕೂಲಿ ಕಳೆದುಕೊಂಡವರೂ ಅವರೇ, ಹಮಾಲರೇ. ಬೆಂಕಿ ಹಚ್ಚಿದ ಕೈ ಯಾರ ಮೇಲೆ ಸಿಟ್ಟಾಗಿತ್ತೋ ಅವರಿಗೆ ತಟ್ಟುವ ಮೊದಲೇ ಅದರ ಬಿಸಿ ಈ ತಾಯಂದಿರ ಒಲೆಗೆ ತಟ್ಟಿತು. ಇದನ್ನು ನೀವು ತಿಳಿಯಬೇಕು.

ತುಂಬು ಬಿಡಿಸಿದ ಕಾಯಿಯಲ್ಲಿ ಒಂದು ಪಾಲು ಪುಡಿಯ ಗಿರಣಿಗಳಿಗೆ, ಮಸಾಲೆ ಕಂಪನಿಗಳಿಗೆ ಹೋಗುತ್ತದೆ. ಇನ್ನೊಂದು ಪಾಲು ಓಲಿಯೊರೆಸಿನ್ ಎಂಬ ಸತ್ವ ತೆಗೆಯುವ ಕಾರ್ಖಾನೆಗಳಿಗೆ. ಕೇರಳದಲ್ಲಿ ಅಂಥವು ಹೆಚ್ಚು. ಒಂದು ಟನ್ ಒಣ ಕಾಯಿಯಿಂದ ಸುಮಾರು 50 ಲೀಟರಿನಷ್ಟು ಗಾಢ ಕೆಂಪು ಸತ್ವ ಸಿಗುತ್ತದೆ. ಅದು ತಿಂಡಿತಿನಿಸಿನ ಬಣ್ಣಕ್ಕೂ ಆಯಿತು, ತುಟಿಗೆ ಹಚ್ಚುವ ಬಣ್ಣಕ್ಕೂ ಆಯಿತು. ಬಣ್ಣ ಅಳೆಯುವ ಲೆಕ್ಕಕ್ಕೆ ಆಸ್ಟಾ ಎನ್ನುತ್ತಾರೆ. ಒಳ್ಳೆಯ ಬ್ಯಾಡಗಿ ಕಾಯಿ ಅದರಲ್ಲಿ 150 ದಾಟುತ್ತದೆ, ಖಾರ ಮಾತ್ರ ತೀರ ಕಡಿಮೆ. ಗುಂಟೂರಿನ ಕಾಯಿ ಖಾರಕ್ಕೆ, ನಮ್ಮದು ಬಣ್ಣಕ್ಕೆ. ಅಂಗಡಿಯಲ್ಲಿ ನಿಮ್ಮ ರಾಶಿಯ ಮುಂದೆ ನಿಂತ ಖರೀದಿದಾರ ಒಂದು ಕಾಯಿ ಮುರಿದು, ಬೆಳಕಿಗೆ ಹಿಡಿದು, ಮುದುರಿ ಬಿಟ್ಟು, ಮಾತಿಲ್ಲದೆ ಮುಂದೆ ಹೋಗುತ್ತಾನಲ್ಲ, ಅವನ ತಲೆಯಲ್ಲಿ ಓಡುವುದು ಈ ಲೆಕ್ಕವೇ. ಬಣ್ಣ ಎಷ್ಟು, ತೇವ ಎಷ್ಟು, ಬಿಳಿಗಾಯಿ ಎಷ್ಟು, ಎಷ್ಟು ದಿನ ಶೀತಲಗೃಹದಲ್ಲಿ ನಿಲ್ಲುತ್ತದೆ.

ಅವನು ಆ ಲೆಕ್ಕವನ್ನು ನಿಮಗೆ ಹೇಳುವುದಿಲ್ಲ ಎಂಬುದೇ ನನ್ನ ಮಟ್ಟಿಗೆ ದೊಡ್ಡ ತಪ್ಪು. ಟೆಂಡರ್ ಕಂಪ್ಯೂಟರಿಗೆ ಬಂದ ಮೇಲೆ ಮೋಸ ಕಡಿಮೆಯಾಗಿದೆ. ಯಾರು ಎಷ್ಟು ದರ ಬರೆದರೆಂಬುದು ಮುಂಚಿತವಾಗಿ ಇನ್ನೊಬ್ಬರಿಗೆ ತಿಳಿಯುವುದಿಲ್ಲ, ಹೆಚ್ಚು ಬರೆದವರಿಗೆ ಲಾಟ್ ಹೋಗುತ್ತದೆ. ದರ ಒಪ್ಪದಿದ್ದರೆ ಕೊಡದಿರುವ ಹಕ್ಕು ರೈತನಿಗಿದೆ. ತೂಕ ನಿಖರ, ಹಣ ಬೇಗ ಕೈಗೆ ಬರುತ್ತದೆ. ನೀವು ನೂರಾರು ಕಿಲೋಮೀಟರ್ ದಾಟಿ ಇಲ್ಲಿಗೇ ಬರಲು ಅದೇ ಕಾರಣ. ಇದೆಲ್ಲ ನಿಜ, ಇದಕ್ಕಾಗಿ ದುಡಿದ ವರ್ತಕರು, ದಲಾಲರು, ಅಧಿಕಾರಿಗಳು ನಮ್ಮೂರಲ್ಲಿದ್ದಾರೆ. ಆದರೆ ಕಂಪ್ಯೂಟರಿನಿಂದ ಹೊರಬೀಳುವುದು ಒಂದು ಅಂಕಿ ಮಾತ್ರ. ಪಕ್ಕದ ರಾಶಿಗೆ 16 ಸಾವಿರ ಬರೆದು ನನ್ನ ರಾಶಿಗೆ 9 ಸಾವಿರ ಯಾಕೆ ಬರೆದರು ಎಂದು ಕೇಳುವ ರೈತನಿಗೆ ಉತ್ತರ ಕೊಡುವವರೇ ಇಲ್ಲ. ಆರು ತಿಂಗಳ ದುಡಿಮೆಗೆ ಯಾರೋ ಒಂದು ಬೆಲೆ ಬರೆದಿಟ್ಟು, ಕಾರಣ ಹೇಳದೆ ಹೋದರೆ ಸಿಟ್ಟು ಬಾರದ ಮನುಷ್ಯ ಯಾರು?

2024ರಲ್ಲಿ ಬೆಲೆ ಬಿದ್ದದ್ದಕ್ಕೆ ಕಾರಣಗಳಿದ್ದವು. 2021ರಲ್ಲಿ ಕಪ್ಪು ಥ್ರಿಪ್ಸ್ ಹುಳ ಆಂಧ್ರ, ತೆಲಂಗಾಣ, ನಮ್ಮ ರಾಜ್ಯದ ಗಿಡಗಳ ಹೂವು ತಿಂದು ಬೆಳೆ ಹಾಳುಮಾಡಿದ್ದು ನಿಮಗೆ ನೆನಪಿದೆ. ಅದರಿಂದ ಕಾಯಿ ಅಪರೂಪವಾಗಿ 2023ರ ಆರಂಭದಲ್ಲಿ ಡಬ್ಬಿ ತಳಿಯ ಕಾಯಿ ಕ್ವಿಂಟಲ್‌ಗೆ 50 ಸಾವಿರವನ್ನೂ ದಾಟಿತು. ಆ ದರ ಕಂಡವರೆಲ್ಲ ಮರುವರ್ಷ ಮೆಣಸಿನ ಗಿಡ ಹಚ್ಚಿದರು. ತುಂಗಭದ್ರಾ ಕಾಲುವೆಯ ಕೆಳಗೆ ಭತ್ತ ಬಿಟ್ಟು ಮೆಣಸಿನಕಾಯಿಗೆ ಬಂದವರೂ ಇದ್ದರು. ಬೆಳೆ ಕೂಡಿಬಂತು. ಶೀತಲಗೃಹಗಳಲ್ಲಿ ಹಳೆಯ ದಾಸ್ತಾನು ಇನ್ನೂ ಕುಳಿತಿತ್ತು. ಹೊಸ ಕಾಯಿ ಎಲ್ಲ ಕಡೆಯಿಂದ ಒಂದೇ ಸಲ ನುಗ್ಗಿತು, ಅದರಲ್ಲಿ ಪೂರ್ತಿ ಒಣಗದ ಕಾಯಿ ಬಹಳ. ಇಷ್ಟನ್ನು ಜನವರಿಯಲ್ಲೇ ಬಲ್ಲವರು ನಮ್ಮೂರಲ್ಲಿದ್ದರು. ಯಾರೂ ನಿಮಗೆ ಹೇಳಲಿಲ್ಲ. ಊರಿಗೆ ಗೊತ್ತಿದ್ದದ್ದು ರೈತನಿಗೆ ತಲುಪಲಿಲ್ಲ. ಆ ದಿನದ ಬೆಂಕಿಗೆ ನಾನು ಕಂಡುಕೊಂಡ ಕಾರಣ ಇದು.

ಬೆಂಕಿಯನ್ನು ನಾನು ಒಪ್ಪುವುದಿಲ್ಲ. ಸಿಟ್ಟನ್ನು ಬಲ್ಲೆ. ಈ ಸೀಮೆಗೆ ರೈತನ ಸಿಟ್ಟು ಹೊಸದಲ್ಲ. ನೀವು ಹೆದ್ದಾರಿಯಿಂದ ಹೊರಳುವ ಮೋಟೆಬೆನ್ನೂರು ಮೈಲಾರ ಮಹಾದೇವರ ಊರು. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರ ಜೊತೆ ಹೆಜ್ಜೆ ಹಾಕಿದ ಏಕೈಕ ಕನ್ನಡಿಗ ಅವರು, ಆಗಿನ್ನೂ ಹದಿಹರೆಯದ ಹುಡುಗ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ರೈತರಿಂದ ವಸೂಲಿ ಮಾಡಿದ ಕಂದಾಯದ ಖಜಾನೆಯನ್ನು ವಶಕ್ಕೆ ತೆಗೆದುಕೊಳ್ಳಲು ಹೋಗಿ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರ ಜೊತೆ ಗುಂಡಿಗೆ ಬಲಿಯಾದರು. ಇನ್ನೂ ಹತ್ತಿರದ ನೆನಪು 2008ರ ಜೂನ್ 10ರದು. ಬಿತ್ತನೆಯ ಹೊತ್ತಿಗೆ ಗೊಬ್ಬರ ಕೇಳಿ ಹಾವೇರಿಯ ಬೀದಿಗೆ ಇಳಿದ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರು ಜೀವ ಬಿಟ್ಟರು. ಆ ದಿನವನ್ನು ಇಲ್ಲಿನ ರೈತರು ಮರೆತಿಲ್ಲ. ಹೀಗಿರುವಾಗ ನಮ್ಮವರೇ ನಿಮ್ಮನ್ನು ದೊಂಬಿ ಮಾಡುವ ಜನ ಎಂದು ತಳ್ಳಿಹಾಕುವುದು ನನಗೆ ಸಹಿಸಲಾಗದು.

ಈಗ ಒಂದು ಕಷ್ಟದ ಮಾತು. ನಿಮ್ಮಲ್ಲಿ ಅನೇಕರು ಬ್ಯಾಡಗಿಯ ಹೊಲಗಳಲ್ಲಿ ಮೆಣಸಿನ ಗಿಡ ಹುಡುಕಿ ನಿರಾಶರಾಗಿರಬಹುದು. ಹೆದ್ದಾರಿಯಿಂದ ಊರ ತನಕ ನಿಮ್ಮ ಕಣ್ಣಿಗೆ ಬೀಳುವುದು ಗೋವಿನಜೋಳ. ಹಾವೇರಿ ಜಿಲ್ಲೆ ಈಗ ಗೋವಿನಜೋಳದ ಜಿಲ್ಲೆ. ಹಿಂದೆ ನಮ್ಮ ಕಡೆ, ಕುಂದಗೋಳ, ಶಿರಹಟ್ಟಿ, ಗದಗಿನ ಕಡೆಯೂ ಮಳೆ ನಂಬಿದ ಹೊಲದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಕೂಡಿಸಿ ಹಾಕುತ್ತಿದ್ದರು. ಮೊದಲು ಕಿತ್ತ ಉಳ್ಳಾಗಡ್ಡಿಯಿಂದ ದೀಪಾವಳಿಯ ಖರ್ಚು ನಡೆಯುತ್ತಿತ್ತು, ಮೆಣಸಿನಕಾಯಿ ಬಂದು ಸಾಲ ತೀರುತ್ತಿತ್ತು, ಕೊನೆಗೆ ಹತ್ತಿ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತಿತ್ತು. ಆಮೇಲೆ ಎಲೆ ಮುಟುರು ರೋಗ ಹೆಚ್ಚಿತು, ಮಳೆ ನೆಚ್ಚಿಕೆ ಕಳೆದುಕೊಂಡಿತು, ಕಾಯಿ ಬಿಡಿಸಲು ಆಳು ಸಿಗದಂತಾಯಿತು. ಗೋವಿನಜೋಳಕ್ಕೆ ಅಷ್ಟು ಕೈ ಬೇಡ, ಅಷ್ಟು ಔಷಧಿ ಬೇಡ. ನಮ್ಮ ರೈತರು ಅತ್ತ ಹೋದರು. ಅವರನ್ನು ದೂರುವ ಮನಸ್ಸು ನನಗಿಲ್ಲ.

ಆದ್ದರಿಂದ ಊರಿನ ಹೆಸರು ನಮ್ಮದು, ಬೆಳೆ ನಿಮ್ಮದು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕಾಗ ನಮ್ಮೂರಿಗೆ ಹಿಗ್ಗು. ಆ ಗುರುತು ಇರುವುದು ಈ ನೆಲದ ಡಬ್ಬಿ, ಕಡ್ಡಿ ತಳಿಗಳಿಗೆ. ಡಬ್ಬಿ ಗಿಡ್ಡ, ದುಂಡು, ಬೀಜ ಹೆಚ್ಚು, ಬಣ್ಣ ಗಾಢ. ಕಡ್ಡಿ ಉದ್ದ, ತೆಳು, ಮೈತುಂಬ ಸುಕ್ಕು. ನೀವು ಕಾಲುವೆ ನೀರಿನಲ್ಲಿ ಬೆಳೆದು ತರುವುದರಲ್ಲಿ ಹೆಚ್ಚಿನ ಪಾಲು ಕಂಪನಿಗಳ ಹೈಬ್ರಿಡ್ ಬೀಜದ್ದು. ನೋಡಲು ಬ್ಯಾಡಗಿಯಂತೆಯೇ ಇರುತ್ತದೆ, ಇಳುವರಿ ಎರಡು ಮೂರು ಪಟ್ಟು. ದೂರದ ಪೇಟೆಗಳಲ್ಲಿ ಅದೂ ಬ್ಯಾಡಗಿ ಎಂದೇ ಮಾರಾಟವಾಗುತ್ತದೆ. ಇದರಿಂದ ಮಳೆಯಾಶ್ರಯದಲ್ಲಿ ಕಷ್ಟಪಟ್ಟು ಹಳೆಯ ತಳಿ ಉಳಿಸಿಕೊಂಡ ರೈತನಿಗೆ ಅನ್ಯಾಯವಾಗುತ್ತಿದೆ. ಇದನ್ನು ನಿಮ್ಮ ಮುಖಕ್ಕೇ ಹೇಳುವುದು ಗೌರವದ ಲಕ್ಷಣವೆಂದು ತಿಳಿದು ಹೇಳುತ್ತಿದ್ದೇನೆ. ಅದಕ್ಕೆ ನೀವು ಹೊಣೆಯಲ್ಲ. ಚೀಲದ ಮೇಲೆ ಯಾವ ತಳಿ, ಯಾವ ಸೀಮೆ ಎಂದು ಸ್ಪಷ್ಟವಾಗಿ ಬರೆದು ಮಾರುವ ಪದ್ಧತಿಯನ್ನು ಕಟ್ಟಬೇಕಾದವರು ನಾವು, ಮಾರುಕಟ್ಟೆಯವರು.

ಬೀಜದ ಮಾತು ಬಂದಿದ್ದಕ್ಕೆ ಇನ್ನೊಂದಿಷ್ಟು. ಮೆಣಸಿನ ಗಿಡ ಅಕ್ಕಪಕ್ಕದ ಹೊಲದ ಪರಾಗಕ್ಕೆ ಬೇಗ ಬೆರೆಯುತ್ತದೆ. ಸುತ್ತ ಹೈಬ್ರಿಡ್ ಇದ್ದರೆ ನಡುವಿನ ದೇಸಿ ಡಬ್ಬಿ ನಾಲ್ಕಾರು ವರ್ಷದಲ್ಲಿ ಚಹರೆ ಕಳೆದುಕೊಳ್ಳುತ್ತದೆ. ಹಿಂದೆ ನಮ್ಮ ಮನೆಗಳಲ್ಲಿ ಬೀಜದ ಕಾಯಿ ಆರಿಸುವ ಕೆಲಸ ಅಜ್ಜಿಯರದು. ಕಣದಲ್ಲಿ ರಾಶಿ ಹರವಿದಾಗ ಅವರು ಸುಮ್ಮನೆ ಸುತ್ತು ಹಾಕಿ, ಬಾಗಿ ಬಾಗಿ ಒಂದೊಂದು ಕಾಯಿ ಉಡಿಗೆ ಹಾಕಿಕೊಳ್ಳುತ್ತಿದ್ದರು. ಯಾವುದನ್ನು ಯಾಕೆ ಎತ್ತಿದರೆಂದು ಕೇಳಿದರೆ ತೋರಿಸುತ್ತಿದ್ದರು, ಬಾಯಿಂದ ವಿವರಿಸುತ್ತಿರಲಿಲ್ಲ. ಆ ಕಣ್ಣು ಇರುವವರು ನಿಮ್ಮ ಊರುಗಳಲ್ಲಿ ಇನ್ನೂ ಇದ್ದಾರೆಂದು ನನ್ನ ನಂಬಿಕೆ. ಮಸಾರಿ ಹೊಲದ ಮೂಲೆಯಲ್ಲಿ ಮನೆಯ ಖಾರದಪುಡಿಗೆಂದು ನಾಲ್ಕು ಸಾಲು ಹಳೆಯ ತಳಿ ಹಾಕುವವರು ನಿಮ್ಮಲ್ಲಿ ಇದ್ದರೆ, ಅವರು ಈ ಊರಿಗೆ ಎಷ್ಟು ಬೇಕಾದವರು ಎಂಬುದನ್ನು ಹೇಗೆ ಹೇಳಲಿ.

ನಾನು ನಮ್ಮೂರವರ ಮುಂದೆ ಏನು ಕೇಳುತ್ತಿದ್ದೇನೆ ಎಂಬುದನ್ನು ನೀವೂ ತಿಳಿದಿರಿ. ರಾತ್ರಿ ಬರುವ ರೈತನಿಗೆ ಮಲಗಲು ಜಾಗ, ಕುಡಿಯಲು ನೀರು, ಹೆಣ್ಣುಮಕ್ಕಳೂ ಹೋಗಬಹುದಾದ ಶೌಚಾಲಯ ಸಾಕಷ್ಟು ಇರಬೇಕು. ಚೀಲಗಳ ಮೇಲೆಯೇ ಮಲಗಿ ಬೆಳಗಿನ ಚಳಿಯಲ್ಲಿ ನಡುಗುವ ವಯಸ್ಸಾದವರನ್ನು ನೋಡಿ ನೋಡಿ ನಮ್ಮ ಕಣ್ಣು ಅದಕ್ಕೆ ಹೊಂದಿಕೊಂಡುಬಿಟ್ಟಿದೆ. ಅದು ಒಳ್ಳೆಯದಲ್ಲ. ತೇವ ಅಳೆಯುವ ಯಂತ್ರ ಪ್ರತಿ ಅಂಗಡಿಯ ಮುಂದೆ ಇರಲಿ, ರೈತನ ಎದುರಿಗೇ ಅಳೆದು ಅಂಕಿಯನ್ನು ಲಾಟ್ ಚೀಟಿಯ ಮೇಲೆ ಬರೆಯಲಿ. ದರದ ಪಕ್ಕದಲ್ಲಿ ಕಾರಣಕ್ಕೊಂದು ಮಾತು ಬರಲಿ: ತೇವ, ಬಿಳಿಗಾಯಿ, ಬಣ್ಣ. ಶೀತಲಗೃಹಗಳಲ್ಲಿ ಎಷ್ಟು ದಾಸ್ತಾನು ಇದೆ, ಹಿಂದಿನ ಟೆಂಡರಿನಲ್ಲಿ ಎಷ್ಟು ಚೀಲ ಬಂದಿತ್ತು ಎಂಬುದು ಹಂಗಾಮಿನುದ್ದಕ್ಕೂ ನಿಮ್ಮ ಮೊಬೈಲಿಗೆ ಕನ್ನಡದಲ್ಲೂ ತೆಲುಗಿನಲ್ಲೂ ಬರಲಿ. ಇದಕ್ಕೆ ದೊಡ್ಡ ಖರ್ಚಿಲ್ಲ, ಮನಸ್ಸು ಬೇಕು. ಖರೀದಿದಾರರಲ್ಲಿ ಹಲವರು ನನ್ನ ಹಳೆಯ ವಿದ್ಯಾರ್ಥಿಗಳು. ಅವರ ಮನೆಗಳಿಗೇ ಹೋಗಿ ಕೇಳಿದ್ದೇನೆ. ಕೆಲವರು ಒಪ್ಪಿದ್ದಾರೆ, ಕೆಲವರು ‘ನೋಡೋಣ ಸರ್’ ಎಂದಿದ್ದಾರೆ. ಮತ್ತೆ ಹೋಗುತ್ತೇನೆ.

ಬಳ್ಳಾರಿಯಲ್ಲೇ ಮೆಣಸಿನಕಾಯಿ ಮಾರುಕಟ್ಟೆ ಬೇಕೆಂದು ಅಲ್ಲಿನ ರೈತರು ಕೇಳುತ್ತಿದ್ದಾರೆ. ಅದಾದರೆ ಬ್ಯಾಡಗಿ ಬಡವಾಗುತ್ತದೆಂದು ನಮ್ಮಲ್ಲಿ ಭಯವಿದೆ. ನನ್ನ ಅಭಿಪ್ರಾಯ ಬೇರೆ. ಹೊಲದ ಹತ್ತಿರ ಮಾರುಕಟ್ಟೆ ಇರುವುದು ರೈತನ ಹಕ್ಕು. ಲಾರಿ ಬಾಡಿಗೆ ಉಳಿಯುವುದು ನಿಮಗೆ ಸಣ್ಣ ಮಾತಲ್ಲ. ಅದು ಬಂದ ಮೇಲೂ ನೀವು ಬ್ಯಾಡಗಿಗೆ ಬರುವಂತಿದ್ದರೆ ಅದು ಇಲ್ಲಿನ ತೂಕ, ಪಾವತಿ, ಮರ್ಯಾದೆಗಾಗಿ ಬರಬೇಕು. ಬೇರೆ ದಾರಿಯಿಲ್ಲದೆ ಬರುವ ಗಿರಾಕಿಯನ್ನು ನಂಬಿ ಕುಳಿತ ಊರು ಸೋಮಾರಿಯಾಗುತ್ತದೆ.

ಸರ್ಕಾರದ ಪಾಲೂ ಇದೆ. ಮೆಣಸಿನಕಾಯಿಗೆ ಬೆಂಬಲ ಬೆಲೆ ಎಂಬುದೇ ಇಲ್ಲ. 2025ರ ಫೆಬ್ರುವರಿಯಲ್ಲಿ ಬೆಲೆ ಮತ್ತೆ ಕುಸಿದಾಗ ಆಂಧ್ರದ ಕಾಯಿಗೆ ಕೇಂದ್ರವು ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಲ್ಲಿ ಕ್ವಿಂಟಲ್‌ಗೆ 11,781 ರೂಪಾಯಿ ಗೊತ್ತುಮಾಡಿತು. ಬೆಲೆ ಬಿದ್ದ ಮೇಲೆ ಓಡಿಬರುವ ಇಂಥ ಯೋಜನೆಗಿಂತ, ಬಿತ್ತುವ ಮೊದಲೇ ಇಷ್ಟಕ್ಕಿಂತ ಕೆಳಗೆ ಹೋಗುವುದಿಲ್ಲ ಎಂಬ ಒಂದು ಭರವಸೆ ಎಷ್ಟೋ ಮೇಲು. ಅದನ್ನು ಕೇಳುವಾಗ ಬೆಳೆದವರೂ ಮಾರುಕಟ್ಟೆಯವರೂ ಒಂದೇ ಅರ್ಜಿಗೆ ಸಹಿ ಹಾಕಬೇಕು. ಬೇರೆ ಬೇರೆಯಾಗಿ ಕೇಳಿದರೆ ಎರಡೂ ಅರ್ಜಿ ಕಪಾಟಿಗೆ ಹೋಗುತ್ತವೆ.

ನಿಮ್ಮಿಂದಲೂ ಕೇಳುವುದಿದೆ. ಕಾಯಿ ಕಣದಲ್ಲಿ ಪೂರ್ತಿ ಒಣಗಲಿ. ಅಕಾಲ ಮಳೆಯ ಹೆದರಿಕೆ, ಸಾಲಗಾರನ ಫೋನು, ಮದುವೆಯ ದಿನ, ಇವೆಲ್ಲ ನಿಮ್ಮನ್ನು ಅವಸರ ಮಾಡಿಸುತ್ತವೆ ಎಂದು ಬಲ್ಲೆ. ಆದರೆ ಹಸಿ ಕಾಯಿ ಚೀಲದಲ್ಲಿ ಬೂಸ್ಟು ಹಿಡಿದರೆ ಪಕ್ಕದ ಒಳ್ಳೆಯ ರಾಶಿಯ ದರವನ್ನೂ ಎಳೆದುಹಾಕುತ್ತದೆ. ಮಾರ್ಚ್ ತಿಂಗಳ ಎರಡು ಮೂರು ವಾರಗಳಲ್ಲೇ ಎಲ್ಲರೂ ಎಲ್ಲವನ್ನೂ ತರಬೇಡಿ. ಒಂದು ಊರಿನ ರೈತರು ಕೂಡಿ ಮಾತಾಡಿಕೊಂಡು ಸರದಿ ಹಾಕಿಕೊಂಡರೆ ಲಾರಿಯೂ ಅಗ್ಗ, ದರವೂ ನಿಲ್ಲುತ್ತದೆ. ದರ ಒಪ್ಪದಿದ್ದರೆ ಕೊಡಬೇಡಿ, ಶೀತಲಗೃಹದ ರಸೀದಿಯ ಮೇಲೆ ಸಾಲ ಸಿಗುತ್ತದೆ. ಬಾಡಿಗೆ, ಬಡ್ಡಿಯ ಲೆಕ್ಕವನ್ನು ಮಾತ್ರ ಮೊದಲೇ ಹಾಕಿಕೊಳ್ಳಿ. ಸಿಟ್ಟು ಬಂದ ದಿನ ಪ್ರಾಂಗಣದಲ್ಲಿ ಕುಳಿತುಬಿಡಿ, ಟೆಂಡರ್ ನಿಲ್ಲಿಸಿ, ಕಾರಣ ಕೊಡುವ ತನಕ ಏಳಬೇಡಿ. ನಿಮ್ಮ ಪಕ್ಕದಲ್ಲಿ ಕೂರಲು ಈ ಊರಿನಿಂದ ಜನ ಬರುತ್ತಾರೆ, ನಾನೂ ಬರುತ್ತೇನೆ.

ಒಂದು ಸಲವಾದರೂ ಒಂದು ದಿನ ಹೆಚ್ಚಿಗೆ ಉಳಿಯಿರಿ. ಕಾಗಿನೆಲೆ ನಮ್ಮ ತಾಲ್ಲೂಕಿನಲ್ಲೇ ಇದೆ, ಕನಕದಾಸರ ಗದ್ದುಗೆಗೆ ನಮಸ್ಕರಿಸಿ ಬರಬಹುದು. ಕದರಮಂಡಲಗಿಯ ಕಾಂತೇಶನ ಗುಡಿಗೆ ಹೋಗಿ, ಅಲ್ಲಿಂದ ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಹೀಗೆ ಮೂರೂ ಹನುಮಪ್ಪರನ್ನು ಒಂದೇ ದಿನದಲ್ಲಿ ಕಾಣುವ ರೂಢಿ ನಮ್ಮಲ್ಲಿದೆ. ನಿಮ್ಮ ಮನೆಯವರನ್ನೂ ಕರೆತನ್ನಿ. ಗೋದಾಮಿನಲ್ಲಿ ತುಂಬು ಬಿಡಿಸುವ ಹೆಣ್ಣುಮಕ್ಕಳ ಜೊತೆ ನಿಮ್ಮ ಹೊಲದಲ್ಲಿ ಕಾಯಿ ಬಿಡಿಸುವ ಹೆಣ್ಣುಮಕ್ಕಳು ಒಂದು ಹೊತ್ತು ಕುಳಿತು ಮಾತಾಡಲಿ ಎಂಬುದು ನನ್ನ ಬಹಳ ದಿನದ ಆಸೆ. ಒಂದೇ ಕಾಯಿ ಇಬ್ಬರ ಕೈಯನ್ನೂ ಸುಟ್ಟಿದೆ, ಇಬ್ಬರೂ ಒಬ್ಬರನ್ನೊಬ್ಬರು ನೋಡಿಲ್ಲ. ಊಟಕ್ಕೆ ಜೋಳದ ರೊಟ್ಟಿ, ಕೆಂಪಿಂಡಿ ಇರುತ್ತದೆ.

ಮುಂದಿನ ಹಂಗಾಮಿಗೆ ಬರುವಾಗ, ನಿಮ್ಮೂರಲ್ಲಿ ಯಾರ ಮನೆಯಲ್ಲಾದರೂ ಹಳೆಯ ಡಬ್ಬಿ ಅಥವಾ ಕಡ್ಡಿಯ ಬೀಜದ ಕಾಯಿ ಇದ್ದರೆ ಒಂದು ಹಿಡಿ ತನ್ನಿ. ಬೆಳೆದವರ ಹೆಸರು, ಊರು, ಯಾವ ಮಣ್ಣು, ಎಷ್ಟು ವರ್ಷದಿಂದ ಹಾಕುತ್ತಿದ್ದಾರೆ ಎಂದು ಚೀಟಿ ಬರೆದು ಜೊತೆಗಿಡಿ. ನಮ್ಮ ಕಡೆ ಇಬ್ಬರು ಮೂವರು ರೈತರು ಗೋವಿನಜೋಳದ ನಡುವೆ ತಲಾ ಹತ್ತು ಗುಂಟೆ ಬಿಟ್ಟುಕೊಟ್ಟು, ಆ ಬೀಜವನ್ನು ಬೇರೆ ಬೇರೆಯಾಗಿ ಹಾಕಿ ನೋಡಲು ಒಪ್ಪಿದ್ದಾರೆ. ಯಾವ ದಲಾಲಿ ಅಂಗಡಿಯಲ್ಲಿ ಕೇಳಿದರೂ ಮಾಸ್ತರ ಮನೆ ತೋರಿಸುತ್ತಾರೆ.

ಇಂತಿ,
ನಿಮ್ಮ ಬರವಿಗೆ ಕಾದಿರುವ
ಬ್ಯಾಡಗಿಯ ಒಬ್ಬ ಮಾಸ್ತರ